ಎಂಟು ಪಟ್ಟು ಹತ್ತಿರ: 8×42 ಬೈನಾಕ್ಯುಲರ್ ಜೊತೆಗಿನ ಒಂದು ವರ್ಷ

ಒಂದು ವರ್ಷ ಎರಡು ತಿಂಗಳಿಂದ ನನ್ನ ಕೆಲಸದ ಮೇಜಿನ ಮೇಲೆ, ಲ್ಯಾಪ್‌ಟಾಪಿಗೂ ಕಿಟಕಿಗೂ ನಡುವಿನ ಒಂದು ಗೇಣು ಜಾಗದಲ್ಲಿ, 8×42 ಅಳತೆಯ ಬೈನಾಕ್ಯುಲರ್ ಕುಳಿತಿದೆ. ಅದನ್ನು ಪೆಟ್ಟಿಗೆಯಲ್ಲಾಗಲಿ ಕಪಾಟಿನಲ್ಲಾಗಲಿ ಇಡದೆ ಕೈ ಚಾಚಿದರೆ ಸಿಗುವಂತೆ ಇಟ್ಟಿದ್ದೇನೆ. ದಿನಕ್ಕೆ ಎಂಟೊಂಬತ್ತು ಗಂಟೆ ಪರದೆಯನ್ನೇ ನೋಡುವ ಕೆಲಸದಲ್ಲಿರುವವರಿಗೆ, ಕೆಲಸ ಆರಂಭಿಸಿ ಐದಾರು ವರ್ಷಗಳಾಗಿ ತಮ್ಮದೇ ಎನ್ನುವ ಒಂದು ಹವ್ಯಾಸವನ್ನು ಹುಡುಕುತ್ತಿರುವವರಿಗೆ, ಈ ಉಪಕರಣ ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯಬೇಕೆಂದಿದ್ದೇನೆ. ನಾನು ಬಳಸುತ್ತಿರುವುದು ಮಧ್ಯಮ ದರ್ಜೆಯದು. ಅದರ ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಏಕೆಂದರೆ ಇಲ್ಲಿ ಹೇಳುವ ಬಹುಪಾಲು ಮಾತು ಈ ಅಳತೆಯ ಯಾವುದೇ ಒಳ್ಳೆಯ ಬೈನಾಕ್ಯುಲರಿಗೂ ಅನ್ವಯಿಸುತ್ತದೆ, ಮತ್ತು ಕೊಳ್ಳುವವರು ಹೆಸರಿಗಿಂತ ಮೊದಲು ಅಳತೆಯನ್ನು ಅರಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಬರುವ ಮೊದಲು ನಾನು ಒಂದು ತಪ್ಪು ಆಯ್ಕೆ ಮಾಡಿದ್ದೆ. ಮೊದಲ ಬಾರಿ ಕೊಂಡದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, 10ರಿಂದ 30 ಪಟ್ಟಿನವರೆಗೆ ಹಿಗ್ಗಿಸಿ ತೋರಿಸುತ್ತದೆ ಎಂದು ಹೇಳಿಕೊಂಡ, 25 ಮಿಲಿಮೀಟರ್ ಮಸೂರದ ಒಂದು ಜೂಮ್ ಬೈನಾಕ್ಯುಲರ್. 30 ಎಂಬ ಸಂಖ್ಯೆ ನನ್ನನ್ನು ಸೆಳೆಯಿತು. ಮನೆಗೆ ತಂದು 30ಕ್ಕೆ ತಿರುಗಿಸಿ ನೋಡಿದಾಗ ಕಂಡದ್ದು ಮಬ್ಬಾದ, ನಡುಗುವ, ಸೂಜಿಯ ಕಣ್ಣಿನಲ್ಲಿ ಇಣುಕಿದಂತಹ ಚಿತ್ರ. ಅದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿತ್ತು: ಅದರ ಎರಡು ಕೊಳವೆಗಳು ಒಂದೇ ದಿಕ್ಕಿಗೆ ನೆಟ್ಟಗೆ ನೋಡುತ್ತಿರಲಿಲ್ಲ. ಎರಡು ಕಣ್ಣುಗಳಿಗೆ ಕೊಂಚ ಬೇರೆಬೇರೆಯಾದ ಚಿತ್ರಗಳು ಬರುತ್ತಿದ್ದವು. ಅವೆರಡನ್ನು ಒಂದಾಗಿಸಲು ಮಿದುಳು ಹೆಣಗುತ್ತಿತ್ತು. ಹತ್ತು ನಿಮಿಷ ನೋಡಿದರೆ ಹಣೆಯ ನಡುವೆ ನೋವು ಕಾಣಿಸಿಕೊಳ್ಳುತ್ತಿತ್ತು. ಆ ನೋವಿಗೆ ಕಾರಣ ನನ್ನ ಕಣ್ಣುಗಳೇ ಎಂದು ತಿಳಿದು ಎರಡು ತಿಂಗಳು ಸುಮ್ಮನಿದ್ದೆ. ಹಕ್ಕಿ ನೋಡುವ ಹವ್ಯಾಸ ನನಗೆ ಹೊಂದುವುದಿಲ್ಲ ಎಂದು ಬಿಟ್ಟುಬಿಡುವ ಹಂತಕ್ಕೂ ಬಂದಿದ್ದೆ. ಹವ್ಯಾಸಗಳು ಹೀಗೆಯೇ ಎಷ್ಟೋ ಬಾರಿ ಆರಂಭದಲ್ಲಿಯೇ ನಿಂತುಹೋಗುತ್ತವೆ ಎಂಬ ಸಂಕಟದಿಂದಲೇ ಈ ವಿಮರ್ಶೆಯನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಬೈನಾಕ್ಯುಲರಿನ ಮೈಮೇಲೆ ಬರೆದಿರುವ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ವಸ್ತು ಎಷ್ಟು ಪಟ್ಟು ಹತ್ತಿರ ಬಂದಂತೆ ಕಾಣುತ್ತದೆ ಎಂಬುದನ್ನು ಹೇಳುತ್ತದೆ. ಎರಡನೆಯದು ಮುಂದಿನ ದೊಡ್ಡ ಮಸೂರದ ವ್ಯಾಸವನ್ನು ಮಿಲಿಮೀಟರಿನಲ್ಲಿ ತಿಳಿಸುತ್ತದೆ. 8×42 ಎಂದರೆ 80 ಮೀಟರ್ ದೂರದ ಹಕ್ಕಿ 10 ಮೀಟರ್ ದೂರದಲ್ಲಿ ಕುಳಿತಂತೆ ಕಾಣುತ್ತದೆ, ಮತ್ತು ಬೆಳಕು 42 ಮಿಲಿಮೀಟರ್ ಅಗಲದ ಕಿಂಡಿಯಿಂದ ಒಳಗೆ ಬರುತ್ತದೆ. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ದೊರೆಯುವುದೇ ಬಹುಮುಖ್ಯವಾದ ಮೂರನೆಯ ಸಂಖ್ಯೆ: ಉಪಕರಣದಿಂದ ಹೊರಬಂದು ಕಣ್ಣನ್ನು ಸೇರುವ ಬೆಳಕಿನ ಕಂಬದ ಅಗಲ. ನನ್ನ ಈಗಿನ ಬೈನಾಕ್ಯುಲರಿನಲ್ಲಿ ಅದು 5.25 ಮಿಲಿಮೀಟರ್, ಹಳೆಯ ಜೂಮ್ ಉಪಕರಣದಲ್ಲಿ 30 ಪಟ್ಟಿಗೆ ಅದು ಕೇವಲ 0.83 ಮಿಲಿಮೀಟರ್ ಆಗಿತ್ತು. ಮನುಷ್ಯನ ಕಣ್ಣಿನ ಪಾಪೆ ಹಗಲಿನಲ್ಲಿ ಎರಡು ಮೂರು ಮಿಲಿಮೀಟರಿಗೆ ಕಿರಿದಾಗುತ್ತದೆ, ಕತ್ತಲಲ್ಲಿ ಯೌವನದ ಕಣ್ಣುಗಳಲ್ಲಿ ಸುಮಾರು ಏಳರವರೆಗೆ ಅರಳುತ್ತದೆ. ಅಂದರೆ ಅಗ್ಗದ ಜೂಮ್ ಉಪಕರಣ ನಡುಹಗಲಿನಲ್ಲಿಯೂ ನನ್ನ ಕಣ್ಣಿಗೆ ಬೇಕಾದಷ್ಟು ಬೆಳಕನ್ನು ಕೊಡುತ್ತಿರಲಿಲ್ಲ. 8×42 ಆದರೋ ಸಂಜೆ ಕೆಲಸ ಮುಗಿಯುವ ಹೊತ್ತಿಗೆ, ಬರಿಗಣ್ಣಿಗೆ ಮರವೆಲ್ಲ ಒಂದೇ ಕಪ್ಪು ಮುದ್ದೆಯಾಗಿ ಕಾಣುವ ವೇಳೆಯಲ್ಲಿಯೂ, ಕೊಂಬೆಯ ಮೇಲಿನ ಹಕ್ಕಿಯ ಬಣ್ಣವನ್ನು ಬಿಡಿಸಿ ತೋರಿಸುತ್ತದೆ. ಉದ್ಯೋಗದಲ್ಲಿರುವವರಿಗೆ ಬಿಡುವು ಸಿಗುವುದೇ ಬೆಳಗಿನ ಮತ್ತು ಸಂಜೆಯ ಮಂದ ಬೆಳಕಿನಲ್ಲಿ ಆದ್ದರಿಂದ, ಈ ಗುಣಕ್ಕೆ ನಾನು ಅತ್ಯಂತ ಹೆಚ್ಚಿನ ಬೆಲೆ ಕೊಡುತ್ತೇನೆ.

ಹಾಗಾದರೆ ಎಂಟೇ ಏಕೆ, ಹತ್ತು ಅಥವಾ ಹನ್ನೆರಡು ಏಕಲ್ಲ ಎಂಬ ಪ್ರಶ್ನೆಯನ್ನು ನನ್ನ ಸಹೋದ್ಯೋಗಿಗಳು ಪ್ರತಿ ಬಾರಿಯೂ ಕೇಳುತ್ತಾರೆ. ಉತ್ತರ ಕೈಯ ನಡುಕದಲ್ಲಿದೆ. ಎಷ್ಟೇ ಗಟ್ಟಿಯಾಗಿ ಹಿಡಿದರೂ ಮನುಷ್ಯನ ಕೈ ಸಣ್ಣಗೆ ಅಲುಗುತ್ತಲೇ ಇರುತ್ತದೆ, ಉಸಿರಾಟಕ್ಕೂ ಎದೆಬಡಿತಕ್ಕೂ ಸ್ಪಂದಿಸುತ್ತಿರುತ್ತದೆ. ಬೈನಾಕ್ಯುಲರ್ ಹಕ್ಕಿಯನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆಯೋ ಆ ಅಲುಗಾಟವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಸ್ನೇಹಿತರೊಬ್ಬರ 12×50 ಉಪಕರಣವನ್ನು ಒಂದು ವಾರ ಎರವಲು ಪಡೆದು ಎರಡನ್ನೂ ಹೋಲಿಸಿ ನೋಡಿದ್ದೇನೆ: ಗೋಡೆಗೆ ಒರಗಿ ನಿಂತಾಗ 12 ಪಟ್ಟಿನ ಚಿತ್ರ ನಿಜಕ್ಕೂ ಸೊಗಸಾಗಿತ್ತು, ಆದರೆ ನಡೆದು ಬಂದು ತಟಕ್ಕನೆ ನಿಂತು ಹಿಡಿದಾಗ ಗುಬ್ಬಚ್ಚಿಯ ಕೊರಳಿನ ವಿವರ ಎಂಟರಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಸಿಕ್ಕಿತು. ಇದರ ಜೊತೆಗೆ ದೃಷ್ಟಿಕ್ಷೇತ್ರದ ವಿಷಯವೂ ಇದೆ. ನನ್ನ ಉಪಕರಣದಲ್ಲಿ ಸುಮಾರು 7.4 ಡಿಗ್ರಿ ಅಗಲದ ನೋಟ ದೊರೆಯುತ್ತದೆ, ಅಂದರೆ ಒಂದು ಕಿಲೋಮೀಟರ್ ದೂರದಲ್ಲಿ 129 ಮೀಟರ್ ಅಗಲದ ದೃಶ್ಯ. ಪಟ್ಟು ಹೆಚ್ಚಿದಂತೆ ಈ ಕಿಟಕಿ ಸಾಮಾನ್ಯವಾಗಿ ಕಿರಿದಾಗುತ್ತ ಹೋಗುತ್ತದೆ. ಆಗ ಎಲೆಗಳ ನಡುವೆ ಹಾರಿದ ಹಕ್ಕಿ ಎಲ್ಲಿ ಹೋಯಿತೆಂದು ಹುಡುಕುವುದರಲ್ಲಿಯೇ ಸಮಯ ಕಳೆಯುತ್ತದೆ. ಎರಡು ಸಭೆಗಳ ನಡುವೆ ಹದಿನೈದು ನಿಮಿಷ ಮಾತ್ರ ಬಿಡುವಿರುವವರಿಗೆ ಹಕ್ಕಿ ದೊಡ್ಡದಾಗಿ ಕಾಣುವುದಕ್ಕಿಂತ ಬೇಗ ಕಾಣುವುದು, ಕದಲದೆ ಕಾಣುವುದು ಮುಖ್ಯ.

ಒಳಗಿನ ರಚನೆಯ ಬಗ್ಗೆಯೂ ಒಂದಿಷ್ಟು ತಿಳಿದಿರುವುದು ಒಳ್ಳೆಯದು. ಬರೀ ಎರಡು ಮಸೂರಗಳಿದ್ದರೆ ಚಿತ್ರ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುತ್ತದೆ. ಅದನ್ನು ನೇರಗೊಳಿಸಲು ಕೊಳವೆಯೊಳಗೆ ಗಾಜಿನ ಪಟ್ಟಕಗಳನ್ನು ಇಡುತ್ತಾರೆ. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಇದಕ್ಕೊಂದು ವ್ಯವಸ್ಥೆ ರೂಪಿಸಿ ಪೇಟೆಂಟ್ ಪಡೆದರು, ಅದನ್ನು ಆಧರಿಸಿದ ಬೈನಾಕ್ಯುಲರ್‌ಗಳನ್ನು ಜರ್ಮನಿಯ ಝೈಸ್ ಸಂಸ್ಥೆ 1894ರಲ್ಲಿ ಮಾರುಕಟ್ಟೆಗೆ ತಂದಿತು. ಭುಜ ಚಾಚಿದಂತೆ ಅಗಲವಾಗಿ ಕಾಣುವ ಹಳೆಯ ಬಗೆಯ ದುರ್ಬೀನುಗಳೆಲ್ಲ ಈ ಪೊರೊ ಪಟ್ಟಕದವು. ಈಗ ಹೆಚ್ಚಾಗಿ ಸಿಗುವ, ಕೊಳವೆಗಳು ನೆಟ್ಟಗಿರುವ ಬಗೆಯಲ್ಲಿ ರೂಫ್ ಪಟ್ಟಕಗಳಿರುತ್ತವೆ. ಇವು ಕೈಗೆ ಚೆನ್ನಾಗಿ ಹೊಂದುತ್ತವೆ, ನೀರು ನುಗ್ಗದಂತೆ ಮುಚ್ಚಲೂ ಸುಲಭ. ಆದರೆ ಬೆಳಕು ಎರಡು ದಾರಿಗಳಾಗಿ ಒಡೆದು ಮತ್ತೆ ಸೇರುವಾಗ ಚಿತ್ರದ ಹರಿತ ಕೊಂಚ ಕುಂದುತ್ತದೆ, ಅದನ್ನು ಸರಿಪಡಿಸಲು ಪಟ್ಟಕದ ಮೇಲೆ ಆ ಎರಡು ದಾರಿಗಳ ಬೆಳಕಿನ ಅಲೆಗಳನ್ನು ಹೊಂದಿಸುವ ಫೇಸ್ (phase) ಲೇಪನ ಬೇಕಾಗುತ್ತದೆ. ಈ ಲೇಪನ ಬಂದದ್ದು 1988ರಲ್ಲಿ. ಕೊಳ್ಳುವ ಮುನ್ನ ವಿವರಪಟ್ಟಿಯಲ್ಲಿ ಇದಿದೆಯೇ ಎಂದು ಅಗತ್ಯವಾಗಿ ನೋಡಿರಿ. ಕಡಿಮೆ ಬೆಲೆಯ ಎಷ್ಟೋ ರೂಫ್ ಬೈನಾಕ್ಯುಲರ್‌ಗಳಲ್ಲಿ ಇದನ್ನೇ ಬಿಟ್ಟಿರುತ್ತಾರೆ. ಹಣದ ಮಿತಿ ಬಿಗಿಯಾಗಿದ್ದರೆ ಅಂತಹ ರೂಫ್ ಬೈನಾಕ್ಯುಲರಿಗಿಂತ ಒಂದು ಒಳ್ಳೆಯ ಪೊರೊ ಬೈನಾಕ್ಯುಲರ್ ಕೊಳ್ಳುವುದು ಲೇಸು.

ಮಸೂರಗಳ ಮೇಲಿನ ಲೇಪನವೂ ಅಷ್ಟೇ ಮುಖ್ಯವಾದದ್ದು. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲಿ ಸುಮಾರು 4 ಶೇಕಡ ಬೆಳಕು ಪ್ರತಿಫಲಿಸಿ ವ್ಯರ್ಥವಾಗುತ್ತದೆ. ಇಂತಹ ಹತ್ತು ಮೇಲ್ಮೈಗಳನ್ನು ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಬೆಳಕು ಕಳೆದುಹೋಗಿರುತ್ತದೆ, ಅದರ ಒಂದಂಶ ಕೊಳವೆಯೊಳಗೇ ಅಲೆದಾಡಿ ಚಿತ್ರವನ್ನು ಮಸುಕುಗೊಳಿಸುತ್ತದೆ. ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಪ್ರತಿಫಲನ ತಡೆಯುವ ಲೇಪನವನ್ನು ಕಂಡುಹಿಡಿದ ಮೇಲೆ ಈ ನಷ್ಟ ತಗ್ಗಿತು. ಇಂದು ಎಲ್ಲ ಮೇಲ್ಮೈಗಳಿಗೂ ಹಲವು ಪದರಗಳ ಲೇಪನವಿದ್ದರೆ ಮಾತ್ರ ಫುಲ್ಲಿ ಮಲ್ಟಿಕೋಟೆಡ್ ಎನ್ನುತ್ತಾರೆ. ಬರಿಯ ಕೋಟೆಡ್ ಅಥವಾ ಮಲ್ಟಿಕೋಟೆಡ್ ಎಂದಿದ್ದರೆ ಎಲ್ಲೋ ಕೆಲವು ಮೇಲ್ಮೈಗಳನ್ನು ಕೈಬಿಟ್ಟಿದ್ದಾರೆ ಎಂದು ತಿಳಿಯಬೇಕು. ಮಸೂರದ ಮುಂಭಾಗ ಕೆಂಪಗೆ ಹೊಳೆಯುವ ಉಪಕರಣಗಳಿಂದ ದೂರವಿರುವುದು ಮೇಲು, ಏಕೆಂದರೆ ಅಷ್ಟು ಕೆಂಪು ಹೊರಗೇ ಪ್ರತಿಫಲಿಸಿದರೆ ಕಣ್ಣಿಗೆ ತಲುಪುವ ಚಿತ್ರದಲ್ಲಿ ಅದು ಇರುವುದಿಲ್ಲ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ನಾನು ಮಾಡಿದ ಪರೀಕ್ಷೆಗಳು ಸರಳವಾದವು. ಬೈನಾಕ್ಯುಲರನ್ನು ಒಂದು ತೋಳಿನಷ್ಟು ದೂರ ಹಿಡಿದು, ಬೆಳಕಿನ ಕಡೆಗೆ ತಿರುಗಿಸಿ, ಕಣ್ಣಿನ ಕಡೆಯ ಮಸೂರಗಳಲ್ಲಿ ಮೂಡುವ ಬೆಳಕಿನ ಎರಡು ವೃತ್ತಗಳನ್ನು ನೋಡಿದೆ. ಅವು ದುಂಡಗಿದ್ದವು, ಅಂಚುಗಳು ಕತ್ತರಿಸಿದಂತೆ ಚೌಕವಾಗಿರಲಿಲ್ಲ. ಚೌಕವಾಗಿ ಕಂಡರೆ ಪಟ್ಟಕದ ಗಾಜು ಕೆಳದರ್ಜೆಯದು. ಆಮೇಲೆ ದೂರದ ಕಟ್ಟಡದ ಮೇಲಿನ ಒಂದು ತಂತಿಯ ಕಂಬವನ್ನು ನೋಡುತ್ತ ಉಪಕರಣವನ್ನು ಮೆಲ್ಲನೆ ಕಣ್ಣಿನಿಂದ ಹಿಂದಕ್ಕೆ ಸರಿಸಿದೆ. ಎರಡು ಕೊಳವೆಗಳು ಸಮವಾಗಿಲ್ಲದಿದ್ದರೆ ಕಂಬ ಎರಡಾಗಿ ಕಾಣುತ್ತದೆ. ನನ್ನ ಹಿಂದಿನ ಉಪಕರಣಕ್ಕೆ ಈ ಪರೀಕ್ಷೆ ಮಾಡಿದ್ದರೆ ಎರಡು ತಿಂಗಳ ತಲೆನೋವು ತಪ್ಪುತ್ತಿತ್ತು. ಕೊನೆಗೆ ಬಿಳಿಯ ಆಕಾಶದೆದುರು ಒಂದು ಒಣಕೊಂಬೆಯನ್ನು ನೋಡಿದೆ. ಅಂಚಿನಲ್ಲಿ ನೇರಳೆ ಬಣ್ಣದ ತೆಳುಗೆರೆ ಕಂಡಿತು. ಈ ಬೆಲೆಯಲ್ಲಿ ಅದು ಸಹಜ, ದೃಶ್ಯದ ನಡುಭಾಗದಲ್ಲಿ ಇಲ್ಲದಿದ್ದುದರಿಂದ ಒಪ್ಪಿಕೊಂಡೆ.

ಕೊಂಡ ಮೇಲೆ ಮಾಡಬೇಕಾದ ಒಂದು ಕೆಲಸವನ್ನು ಬಹಳ ಮಂದಿ ಮಾಡುವುದೇ ಇಲ್ಲ. ನಮ್ಮ ಎರಡು ಕಣ್ಣುಗಳ ಶಕ್ತಿ ಅಪರೂಪಕ್ಕೆ ಸಮವಾಗಿರುತ್ತದೆ, ಅದಕ್ಕಾಗಿಯೇ ಸಾಮಾನ್ಯವಾಗಿ ಬಲಗಣ್ಣಿನ ಮಸೂರದ ಬಳಿ ಒಂದು ತಿರುಗುಬಳೆ ಇರುತ್ತದೆ. ಮೊದಲು ಎರಡು ಕೊಳವೆಗಳನ್ನು ಮಡಿಸಿ ಬಿಡಿಸಿ ಕಣ್ಣುಗಳ ಅಂತರಕ್ಕೆ ಸರಿಯಾಗಿ ಹೊಂದಿಸಿ, ಎರಡು ವೃತ್ತಗಳು ಸೇರಿ ಒಂದೇ ವೃತ್ತ ಕಾಣುವಂತೆ ಮಾಡಬೇಕು. ಬಳಿಕ ಬಲಗಡೆಯ ಮಸೂರವನ್ನು ಅಂಗೈಯಿಂದ ಮುಚ್ಚಿ, ದೂರದ ಫಲಕವೊಂದರ ಅಕ್ಷರಗಳು ಎಡಗಣ್ಣಿಗೆ ಹರಿತವಾಗಿ ಕಾಣುವವರೆಗೆ ನಡುವಿನ ಚಕ್ರವನ್ನು ತಿರುಗಿಸಬೇಕು. ಆಮೇಲೆ ಎಡಗಡೆಯನ್ನು ಮುಚ್ಚಿ, ಚಕ್ರವನ್ನು ಮುಟ್ಟದೆ, ಅದೇ ಅಕ್ಷರಗಳು ಬಲಗಣ್ಣಿಗೂ ಹರಿತವಾಗುವಂತೆ ಬಳೆಯನ್ನು ತಿರುಗಿಸಬೇಕು. ಒಮ್ಮೆ ಇಷ್ಟು ಮಾಡಿ ಬಳೆಯ ಗುರುತನ್ನು ನೆನಪಿಟ್ಟುಕೊಂಡರೆ ಮುಂದೆ ಚಕ್ರವೊಂದನ್ನೇ ತಿರುಗಿಸಿದರೆ ಸಾಕು. ನನ್ನ ಕೈಯಿಂದ ಬೈನಾಕ್ಯುಲರ್ ತೆಗೆದುಕೊಂಡು ಏನೂ ಸರಿಯಾಗಿ ಕಾಣುವುದಿಲ್ಲ ಎಂದು ಹಿಂತಿರುಗಿಸಿದ ಸಹೋದ್ಯೋಗಿಗೆ ಈ ಎರಡು ನಿಮಿಷದ ಹೊಂದಾಣಿಕೆಯನ್ನು ಮಾಡಿಕೊಟ್ಟಾಗ ಅವರ ಬಾಯಿಂದ ಹೊರಟ ಉದ್ಗಾರ ನನಗೆ ಇನ್ನೂ ನೆನಪಿದೆ. ಕನ್ನಡಕ ಧರಿಸುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲುಗಳನ್ನು ಪೂರ್ತಿ ಕೆಳಗೆ ತಿರುಗಿಸಬೇಕು, ಮತ್ತು ಕೊಳ್ಳುವಾಗಲೇ ಕಣ್ಣಿಗೂ ಮಸೂರಕ್ಕೂ ನಡುವೆ ಕನಿಷ್ಠ 16 ಮಿಲಿಮೀಟರ್ ಅಂತರಕ್ಕೆ ಅವಕಾಶವಿರುವ ಮಾದರಿಯನ್ನು ಆರಿಸಬೇಕು. ಇಲ್ಲವಾದರೆ ದೃಶ್ಯದ ಅಂಚುಗಳು ಕಾಣದೆ ಹೋಗುತ್ತವೆ.

ಬಳಕೆಯ ವಿಷಯಕ್ಕೆ ಬರುತ್ತೇನೆ. ವರ್ಷದ ಆರಂಭದಲ್ಲಿ ನಾನು ಹಾಕಿಕೊಂಡ ಗುರಿ ನೂರು ಬಗೆಯ ಹಕ್ಕಿಗಳನ್ನು ಗುರುತಿಸುವುದು. ಮೂರನೆಯ ತಿಂಗಳ ಹೊತ್ತಿಗೆ ಅದು ಕಚೇರಿಯ ಇನ್ನೊಂದು ಲೆಕ್ಕಪತ್ರದಂತೆ ನನ್ನನ್ನು ಕಾಡತೊಡಗಿತು. ವಾರಾಂತ್ಯಗಳಲ್ಲಿ ಹೊಸ ಹೆಸರುಗಳ ಬೆನ್ನುಹತ್ತಿ, ಕಿಟಕಿಯ ಎದುರೇ ಇದ್ದ ಪಾರಿವಾಳವನ್ನು ನೋಡುವುದನ್ನೇ ನಿಲ್ಲಿಸಿದ್ದೆ. ಆಗ ಗುರಿಯನ್ನು ಬದಲಿಸಿಕೊಂಡೆ. ಪಾರಿವಾಳ, ಗುಬ್ಬಚ್ಚಿ, ಕಾಗೆ, ಬೆಳ್ಳಕ್ಕಿ ಮತ್ತು ಹದ್ದು ಎಂಬ ಐದೇ ಹಕ್ಕಿಗಳನ್ನು ವರ್ಷವಿಡೀ ನೋಡುವುದು, ಪ್ರತಿದಿನ ಒಂದು ಸಾಲು ಬರೆಯುವುದು, ಮತ್ತು ಅದೇ ಸಾಲನ್ನು ಮತ್ತೆ ಬರೆಯದಿರುವುದು. ಈ ಗುರಿಗೆ ಎಂಟು ಪಟ್ಟಿನ, ಅಗಲ ನೋಟದ ಉಪಕರಣ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದು ನನಗೆ ಆಗ ಮನವರಿಕೆಯಾಯಿತು.

ಪಾರಿವಾಳ ನಡೆಯುವಾಗ ತಲೆಯನ್ನು ಹಿಂದೆ ಮುಂದೆ ಆಡಿಸುತ್ತದೆ ಎಂದು ನಾನು ಚಿಕ್ಕಂದಿನಿಂದ ನಂಬಿದ್ದೆ. ಬೈನಾಕ್ಯುಲರಿನಲ್ಲಿ, ಅದರ ಹಿಂದಿನ ಗೋಡೆಯ ಬಿರುಕೊಂದನ್ನು ಗುರುತಾಗಿಟ್ಟುಕೊಂಡು ನೋಡಿದಾಗ, ತಲೆ ಹಿಂದಕ್ಕೆ ಬರುವುದೇ ಇಲ್ಲ ಎಂದು ಕಂಡಿತು. ಅದು ತಲೆಯನ್ನು ಒಮ್ಮೆಗೇ ಮುಂದಕ್ಕೆ ಚಾಚಿ ಅಲ್ಲಿಯೇ ಅಲುಗದೆ ನಿಲ್ಲಿಸುತ್ತದೆ, ಮೈ ನಡೆದು ಬಂದು ತಲೆಯನ್ನು ಸೇರಿಕೊಳ್ಳುತ್ತದೆ, ಮತ್ತೆ ತಲೆ ಮುಂದಕ್ಕೆ ಚಾಚುತ್ತದೆ. ಸುತ್ತಲಿನ ದೃಶ್ಯ ಕಣ್ಣಿನಲ್ಲಿ ಕದಲದೆ ನಿಲ್ಲಲೆಂದು ಅದು ಹೀಗೆ ಮಾಡುತ್ತದೆ. ಟ್ರೆಡ್‌ಮಿಲ್ ಮೇಲೆ ನಡೆಸಿ, ಸುತ್ತಲಿನ ದೃಶ್ಯ ಸರಿಯದಂತೆ ಮಾಡಿದಾಗ ಪಾರಿವಾಳಗಳು ತಲೆಯಾಡಿಸಲಿಲ್ಲ ಎಂದು ವಿಜ್ಞಾನಿಗಳು 1978ರಲ್ಲಿಯೇ ಪ್ರಕಟಿಸಿದ್ದಾರೆ. ಅದರ ಕೊರಳಿನ ಹಸಿರು ಮತ್ತು ನೇರಳೆ ಹೊಳಪು ಬಣ್ಣದ್ರವ್ಯದಿಂದ ಬಂದದ್ದಲ್ಲ, ಗರಿಯ ತೆಳುಪದರದಲ್ಲಿ ಬೆಳಕು ಪ್ರತಿಫಲಿಸುವ ರೀತಿಯಿಂದ ಬಂದದ್ದು. ಆದ್ದರಿಂದಲೇ ಹಕ್ಕಿ ಒಂದಿಷ್ಟು ತಿರುಗಿದರೆ ಹಸಿರಿದ್ದಲ್ಲಿ ನೇರಳೆ ಬರುತ್ತದೆ. ಚಿತ್ರದ ಬಣ್ಣಗಳು ಸಹಜವಾಗಿರುವ ಬೈನಾಕ್ಯುಲರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದು ಇರಲಾರದು, ಮತ್ತು ನನ್ನದು ಇದರಲ್ಲಿ ಪೂರ್ತಿ ತೇರ್ಗಡೆಯಾಗಿದೆ.

ಗುಬ್ಬಚ್ಚಿ ಕಲಿಸಿದ್ದು ಇನ್ನೂ ಸೂಕ್ಷ್ಮವಾದದ್ದು. ಗಂಡಿನ ಕೊರಳಿನ ಕಪ್ಪು ಮಚ್ಚೆ ಕೆಲವು ತಿಂಗಳು ಮಾಸಿದಂತೆಯೂ ಕೆಲವು ತಿಂಗಳು ಅಚ್ಚಗಪ್ಪಾಗಿಯೂ ಕಾಣುತ್ತಿತ್ತು. ಹೊಸ ಗರಿ ಬಂದು ಕಪ್ಪಾಗುತ್ತದೆಂದು ಊಹಿಸಿ ಹಾಗೆಯೇ ಬರೆದಿಟ್ಟಿದ್ದೆ. ನಿಜ ಸಂಗತಿ ತದ್ವಿರುದ್ಧ: ಹೊಸದಾಗಿ ಬರುವ ಗರಿಗಳ ತುದಿ ಮಾಸಲು ಬಣ್ಣದ್ದಾಗಿದ್ದು ಕಪ್ಪನ್ನು ಮರೆಮಾಡುತ್ತದೆ, ತಿಂಗಳುಗಳು ಕಳೆದಂತೆ ಆ ತುದಿಗಳು ಸವೆದು ಒಳಗಿನ ಕಪ್ಪು ಹೊರಬೀಳುತ್ತದೆ. ಗೂಡು ಕಟ್ಟುವ ಕಾಲದಲ್ಲಿ ಅದರ ಕೊಕ್ಕೂ ಕಪ್ಪಾಗುತ್ತದೆ. ಇಪ್ಪತ್ತು ಮೀಟರ್ ದೂರದಿಂದ ಇಷ್ಟನ್ನು ಕಾಣಿಸುವ ಉಪಕರಣದ ಬಗ್ಗೆ ನನಗಿರುವ ಪ್ರೀತಿಯನ್ನು ಮುಚ್ಚಿಡುವ ಅಗತ್ಯವಿಲ್ಲ. ಎರಡು ಮೀಟರಿನಷ್ಟು ಹತ್ತಿರಕ್ಕೂ ಇದು ಫೋಕಸ್ ಆಗುವುದರಿಂದ ಕುಂಡದ ಗಿಡಕ್ಕೆ ಬರುವ ಚಿಟ್ಟೆಗಳನ್ನೂ ನೋಡಬಹುದು.

ರಾತ್ರಿಯ ಬಳಕೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಈಗ ಅದು ಹಗಲಿನದಕ್ಕೆ ಸಮನಾಗಿದೆ. ಹುಣ್ಣಿಮೆಯ ಚಂದ್ರನನ್ನು ನೋಡಿ ನಿರಾಶರಾಗುವವರು ಬಹಳ, ಏಕೆಂದರೆ ಆಗ ಬೆಳಕು ನೇರವಾಗಿ ಬಿದ್ದು ನೆರಳೇ ಇರುವುದಿಲ್ಲ. ನೋಡಬೇಕಾದದ್ದು ಅರ್ಧಚಂದ್ರನ ಆಸುಪಾಸಿನ ದಿನಗಳಲ್ಲಿ, ಬೆಳಕು ಮತ್ತು ಕತ್ತಲು ಸಂಧಿಸುವ ಗೆರೆಯ ಉದ್ದಕ್ಕೂ. ಅಲ್ಲಿ ಕುಳಿಗಳ ಅಂಚುಗಳು ನೆರಳು ಚೆಲ್ಲಿ ಎದ್ದು ನಿಲ್ಲುತ್ತವೆ. 93 ಕಿಲೋಮೀಟರ್ ಅಗಲದ ಕೊಪರ್ನಿಕಸ್ ಕುಳಿ ಎಂಟು ಪಟ್ಟಿನಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ. ಹುಣ್ಣಿಮೆಗೆ ಮೀಸಲಾದ ನೋಟವೆಂದರೆ ದಕ್ಷಿಣದ ಟೈಕೊ ಕುಳಿಯಿಂದ ನಾಲ್ಕೂ ಕಡೆಗೆ ಚಿಮ್ಮಿದ ಬಿಳಿಯ ಗೆರೆಗಳು. ಒಂದು ಚಾಂದ್ರಮಾಸ, ಅಂದರೆ 29 ದಿನ ಮತ್ತು ಅರ್ಧ, ಮೋಡವಿಲ್ಲದ ಪ್ರತಿ ರಾತ್ರಿ ಬೆಳಕು ಮತ್ತು ಕತ್ತಲು ಸಂಧಿಸುವ ಆ ಗೆರೆ ಎಲ್ಲಿದೆ ಎಂದು ಕಾಗದದ ಮೇಲೆ ಗುರುತಿಸುವುದು ನಾನು ಪೂರೈಸಿದ ಎರಡನೆಯ ಗುರಿ.

ಮೂರನೆಯದು ಗುರುಗ್ರಹದ ಚಂದ್ರರು. ಗೆಲಿಲಿಯೋ 1610ರ ಜನವರಿ 7ರಂದು ತನ್ನ ಸುಮಾರು 20 ಪಟ್ಟಿನ ದೂರದರ್ಶಕದಲ್ಲಿ ಗುರುವಿನ ಪಕ್ಕ ಮೂರು ಚುಕ್ಕೆಗಳನ್ನು ಕಂಡನು, 13ರಂದು ನಾಲ್ಕನೆಯದನ್ನೂ ಕಂಡನು. ಕೈಯಲ್ಲಿ ಹಿಡಿದ 8×42ರಲ್ಲಿ ಈ ಚುಕ್ಕೆಗಳು ಕಾಣುವುದಿಲ್ಲ, ಕೈನಡುಕದಲ್ಲಿ ಕರಗಿಹೋಗುತ್ತವೆ. ಚಾಪೆಯ ಮೇಲೆ ಬೆನ್ನಡಿಯಾಗಿ ಮಲಗಿ, ಮೊಣಕೈಗಳನ್ನು ನೆಲಕ್ಕೆ ಊರಿ, ಬೈನಾಕ್ಯುಲರನ್ನು ಹುಬ್ಬಿನ ಮೂಳೆಗೆ ಒರಗಿಸಿ ಉಸಿರು ಬಿಟ್ಟು ನೋಡಿದರೆ ಒಂದೋ ಎರಡೋ ಖಂಡಿತ ಸಿಗುತ್ತವೆ. ಸ್ಟ್ಯಾಂಡಿಗೆ ಸಿಕ್ಕಿಸಿದರೆ ಒಳ್ಳೆಯ ರಾತ್ರಿಗಳಲ್ಲಿ ಮೂರು. ಗುರುವಿನಿಂದ ದೂರ ಸರಿಯುವ ಗ್ಯಾನಿಮೀಡ್ ಮತ್ತು ಕ್ಯಾಲಿಸ್ಟೊ ಸುಲಭ, ಗ್ರಹದ ಹೊಳಪಿನಲ್ಲಿ ಮುಳುಗುವ ಅಯೊ ಬಹಳ ಕಷ್ಟ. ಕ್ಯಾಲಿಸ್ಟೊ ಒಂದು ಸುತ್ತು ಮುಗಿಸಲು 16.7 ದಿನ ಬೇಕು. ನಾನು ಹದಿನೇಳು ರಾತ್ರಿಗಳ ಪೈಕಿ ಹನ್ನೊಂದು ರಾತ್ರಿ ಚುಕ್ಕೆಗಳ ಸ್ಥಾನ ಬರೆದಿಟ್ಟು, ಅದು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಗಿ ಮರಳಿ ಬಂದದ್ದನ್ನು ನನ್ನದೇ ಟಿಪ್ಪಣಿಗಳಲ್ಲಿ ಕಂಡೆ. ಶನಿಯ ಬಳೆಗಳು ಮಾತ್ರ ಈ ಉಪಕರಣಕ್ಕೆ ನಿಲುಕುವುದಿಲ್ಲ. ಆ ಆಸೆಯಿಂದ ಕೊಳ್ಳುವವರು ದೂರದರ್ಶಕವನ್ನೇ ಕೊಳ್ಳಬೇಕು. ಬರಿಗಣ್ಣಿಗೆ ಆರೇಳು ನಕ್ಷತ್ರಗಳ ಗೊಂಚಲಾಗಿ ಕಾಣುವ ಕೃತ್ತಿಕೆಯಲ್ಲಿ ಹತ್ತಾರು ನಕ್ಷತ್ರಗಳು ಒಮ್ಮೆಗೇ ಬಿಚ್ಚಿಕೊಳ್ಳುವುದನ್ನು, ವಸಿಷ್ಠ ಮತ್ತು ಅರುಂಧತಿ ನಕ್ಷತ್ರಗಳು ನಿಚ್ಚಳವಾಗಿ ಬೇರ್ಪಟ್ಟು ನಿಲ್ಲುವುದನ್ನು ಮಾತ್ರ ಯಾವ ದೊಡ್ಡ ದೂರದರ್ಶಕವೂ ಇಷ್ಟು ಅಗಲವಾದ ಆಕಾಶದ ನಡುವೆ ಇಟ್ಟು ತೋರಿಸಲಾರದು.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸೂರ್ಯನ ಕಡೆಗೆ, ಮುಳುಗುವ ಸೂರ್ಯನ ಕಡೆಗೂ, ಬೈನಾಕ್ಯುಲರನ್ನು ಎಂದಿಗೂ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ. ಮತ್ತೆ, ವಸತಿ ಕಟ್ಟಡಗಳ ನಡುವೆ ಇರುವವರು ಬೇರೆಯವರ ಕಿಟಕಿಗಳ ಎತ್ತರಕ್ಕೆ ಅದನ್ನು ಹಿಡಿಯಬಾರದು. ಎದುರು ಕಟ್ಟಡದ ನೆರೆಯವರಿಗೆ ನಾನು ಮೊದಲ ವಾರದಲ್ಲಿಯೇ ವಿಷಯ ತಿಳಿಸಿ, ನನ್ನ ನೋಟ ಚಾವಣಿಯ ಅಂಚು ಮತ್ತು ಮರಗಳಿಗೆ ಸೀಮಿತವೆಂದು ಹೇಳಿ, ಅವರಿಗೂ ಒಮ್ಮೆ ನೋಡಲು ಕೊಟ್ಟೆ. ಆ ಮಾತುಕತೆ ಆಗದಿದ್ದರೆ ನಾನು ನೆಮ್ಮದಿಯಿಂದ ಕಿಟಕಿಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

ಕೊರತೆಗಳೂ ಇವೆ. ಇದರ ತೂಕ 680 ಗ್ರಾಂ. ಜೊತೆಗೆ ಬಂದ ತೆಳು ಪಟ್ಟಿಯಲ್ಲಿ ಕೊರಳಿಗೆ ಹಾಕಿಕೊಂಡು ಒಂದು ಗಂಟೆ ನಡೆದರೆ ಕತ್ತು ನೋಯುತ್ತದೆ. ಎರಡು ಭುಜಗಳ ಮೇಲೆ ಭಾರ ಹಂಚುವ ಹಾರ್ನೆಸ್ ಪಟ್ಟಿಯನ್ನು ಬೇರೆಯಾಗಿ ಕೊಂಡ ಮೇಲೆ ಈ ತೊಂದರೆ ತಪ್ಪಿತು, ಆದರೆ ಅದನ್ನು ಪೆಟ್ಟಿಗೆಯಲ್ಲಿಯೇ ಕೊಡಬೇಕಿತ್ತು. ಮುಂದಿನ ಮಸೂರಗಳ ಮುಚ್ಚಳಗಳು ಸಡಿಲವಾಗಿದ್ದು, ಒಂದು ಆರನೆಯ ವಾರದಲ್ಲಿ ಎಲ್ಲಿಯೋ ಬಿದ್ದುಹೋಯಿತು. ಬಲಗಣ್ಣಿನ ತಿರುಗುಬಳೆಗೆ ಬೀಗವಿಲ್ಲದ ಕಾರಣ ಚೀಲದೊಳಗೆ ತಾನಾಗಿ ತಿರುಗುತ್ತದೆ. ಬಳೆ ಮತ್ತು ಕೊಳವೆಯ ಮೇಲೆ ಬಿಳಿಯ ಬಣ್ಣದ ಒಂದೊಂದು ಚುಕ್ಕೆ ಇಟ್ಟು ಸರಿಹೊಂದಿಸಿಕೊಂಡಿದ್ದೇನೆ. ದೃಶ್ಯದ ಹೊರ ಅಂಚಿನಲ್ಲಿ ನಕ್ಷತ್ರಗಳು ಚುಕ್ಕೆಗಳಾಗಿ ಉಳಿಯದೆ ಪುಟ್ಟ ಗರಿಗಳಂತೆ ಹಿಗ್ಗುತ್ತವೆ. ಒಳಗೆ ನೈಟ್ರೋಜನ್ ತುಂಬಿ ಮುಚ್ಚಿರುವುದರಿಂದ ಮಳೆಗೂ ಚಳಿಗೂ ಒಳಗಿನ ಗಾಜು ಮಂಜಾಗಿಲ್ಲ ಎಂಬುದನ್ನು ಇದರ ಎದುರಿಗೆ ಇಟ್ಟು ತೂಗಬೇಕು. ಮಸೂರವನ್ನು ಅಂಗಿಯ ತುದಿಯಿಂದ ಒರೆಸುವ ಅಭ್ಯಾಸವಿದ್ದರೆ ಮೊದಲ ದಿನವೇ ಬಿಡಿರಿ. ಗಾಳಿ ಊದುವ ರಬ್ಬರ್ ಬುಡ್ಡಿಯಿಂದ ಧೂಳು ತೆಗೆದ ಮೇಲಷ್ಟೇ ಮೆದುಬಟ್ಟೆ ಮುಟ್ಟಿಸಬೇಕು.

ದಿನವೂ ಬಸ್ಸು ರೈಲುಗಳಲ್ಲಿ ಓಡಾಡುತ್ತ ಚೀಲ ಹಗುರವಾಗಿರಬೇಕು ಎನ್ನುವವರಿಗೆ 8×32 ಹೆಚ್ಚು ಸೂಕ್ತ. ಹಗಲಿನಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ, ಮಂದ ಬೆಳಕಿನಲ್ಲಿ ಮಾತ್ರ ತಿಳಿಯುತ್ತದೆ. ಆಕಾಶಕ್ಕಾಗಿಯೇ ಕೊಳ್ಳುವವರು 10×50 ತೆಗೆದುಕೊಂಡು ಜೊತೆಗೆ ಸ್ಟ್ಯಾಂಡನ್ನೂ ಕೊಳ್ಳಲಿ. ಎರಡೂ ಬೇಕು, ಒಂದೇ ಉಪಕರಣ ಸಾಕು, ಬಿಡುವು ಸ್ವಲ್ಪ, ಬೆಳಕು ಮಂದ ಎನ್ನುವ ನನ್ನಂತಹವರಿಗೆ 8×42ನ್ನು ಯಾವ ಹಿಂಜರಿಕೆಯೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಐದು ಅಂಕಗಳಿಗೆ ನಾಲ್ಕೂವರೆ ಕೊಡುತ್ತೇನೆ. ಕಡಿತವಾದ ಅರ್ಧ ಅಂಕ ಪಟ್ಟಿಗೂ ಮುಚ್ಚಳಕ್ಕೂ ಸೇರಿದ್ದು, ಗಾಜಿಗಲ್ಲ.

ಎದುರು ಕಟ್ಟಡದ ಚಾವಣಿಯ ಅಂಚಿನಲ್ಲಿ ಈ ವಾರ ಪಾರಿವಾಳದ ಜೋಡಿಯೊಂದು ಮತ್ತೆ ಗೂಡು ಹೂಡಿದೆ. ಗಂಡು ಒಂದು ಬಾರಿಗೆ ಒಂದೇ ಕಡ್ಡಿಯನ್ನು ತಂದು, ಕುಳಿತ ಹೆಣ್ಣಿನ ಬೆನ್ನ ಮೇಲೆ ಹತ್ತಿ, ಅದರ ಕೊಕ್ಕಿನ ಮುಂದೆ ಇಡುತ್ತದೆ. ಹೆಣ್ಣು ಅದನ್ನು ಎದೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತದೆ. ನಿನ್ನೆ ಬೆಳಗಿನ ಹದಿನೈದು ನಿಮಿಷಗಳಲ್ಲಿ ಒಂಬತ್ತು ಕಡ್ಡಿಗಳು ಬಂದವು, ಇಂದು ಹನ್ನೆರಡು. ಮೊಟ್ಟೆ ಇಟ್ಟ ಮೇಲೆ ಸುಮಾರು ಹದಿನೆಂಟು ದಿನ ಎರಡೂ ಸರದಿಯಂತೆ ಕಾವು ಕೊಡುತ್ತವೆ, ಬೆಳಗು ಏರಿದ ಮೇಲೆ ಗಂಡು ಬಂದು ಹೆಣ್ಣನ್ನು ಎಬ್ಬಿಸುತ್ತದೆ. ಆ ಹೊತ್ತಿಗೆ ನನಗೆ ಒಂದು ಸಭೆ ಇರುತ್ತಿತ್ತು. ಅದನ್ನು ಅರ್ಧ ಗಂಟೆ ಮುಂದಕ್ಕೆ ಹಾಕುವಂತೆ ಕೇಳಿಕೊಂಡಿದ್ದೇನೆ, ತಂಡದವರು ಒಪ್ಪಿದ್ದಾರೆ.